ಹಳೆಯ ಸ್ಟೀಲ್ ಸೈಕಲ್: ಮೊದಲು ಅಳತೆ, ಆಮೇಲೆ ಬಿಡಿಭಾಗ

ಮಾನ್ಯ ಸಂಪಾದಕರಿಗೆ,

ಗುಜರಿ ಅಂಗಡಿಗಳಿಂದ ಹಳೆಯ ಸ್ಟೀಲ್ ರೇಸ್ ಸೈಕಲ್‌ಗಳನ್ನು ಎತ್ತಿ ತಂದು, ದುರಸ್ತಿ ಮಾಡಿ ಓಡಿಸುವ ಯುವಕರನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ನಾನು ಐಟಿಐಯಲ್ಲಿ ಟರ್ನರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು; ಮನೆಯಲ್ಲಿ ಅಂಥದೇ ಒಂದು ಸೈಕಲ್ಲನ್ನು ಇಟ್ಟುಕೊಂಡವನೂ ಹೌದು. ಆದ್ದರಿಂದ ಬರಹ ಕಂಡು ಸಂತೋಷವೇ ಆಯಿತು. ಆದರೆ ಅದರಲ್ಲಿದ್ದ ಎರಡು ಮಾತುಗಳನ್ನು ಹಾಗೆಯೇ ಬಿಟ್ಟರೆ ಓದುಗರು ದುಡ್ಡು ಕಳೆದುಕೊಳ್ಳುವುದಲ್ಲದೆ ಒಳ್ಳೆಯ ಫ್ರೇಮ್‌ಗಳನ್ನೂ ಕೆಡಿಸಿಕೊಳ್ಳುವ ಸಂಭವವಿದೆ. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲಿರುವ ಬಿಲ್ಲೆ ನೋಡಿದರೆ ಸೈಕಲ್ ಯಾವ ದೇಶದ್ದೆಂದು ತಿಳಿಯುತ್ತದೆ ಎಂಬುದು ಒಂದು. ಇಂದಿನ ರೇಸ್ ಸೈಕಲ್‌ಗಳ 700ಸಿ ಎಂಬ ಗಾಲಿಯ ಅಳತೆ ನಮ್ಮ ಹಳೆಯ 28 ಇಂಚಿನದೇ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ತಿ ತಪ್ಪು.

ಬಿಲ್ಲೆಯ ವಿಷಯವನ್ನು ಮೊದಲು ಹೇಳುತ್ತೇನೆ. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್ಎ ಎಂಬ ಮೂರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ಹೆಸರುಗಳು. ಆದರೆ 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ ಶುರುವಾದ ಮೇಲೆ ಅವೇ ಹೆಸರುಗಳು ಇಲ್ಲಿ ತಯಾರಾದ ಸೈಕಲ್‌ಗಳ ಮೇಲೂ ಕುಳಿತವು. ರಾಲಿ ಎಂದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಎಂದು ನಮ್ಮ ತಂದೆಯ ಕಾಲದವರು ಹೇಳುತ್ತಿದ್ದರಾದರೂ ನಮ್ಮ ಊರುಗಳಲ್ಲಿ ಓಡಾಡಿದ ಎಷ್ಟೋ ರಾಲಿಗಳು ಪಶ್ಚಿಮ ಬಂಗಾಳದ ಆಸನ್ಸೋಲ್‌ನಲ್ಲಿದ್ದ ಸೇನ್-ರಾಲಿ ಕಾರ್ಖಾನೆಯಿಂದ ಬಂದವು. ಅಲ್ಲಿ ಬ್ರಿಟನ್ನಿನಲ್ಲಿಯೂ 1960ರಲ್ಲಿ ರಾಲಿ ಕಂಪನಿ ಮತ್ತು ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್‌ನ (ಅದೇ ಟಿಐ) ಸೈಕಲ್ ವಿಭಾಗ ಒಂದಾದವು. ಆ ಮೇಲೆ ಒಂದೇ ಮನೆಯ ಸೈಕಲ್‌ಗಳು ಹಲವು ಹೆಸರು ಹೊತ್ತು ಹೊರಬಿದ್ದವು. ಇದರ ಮೇಲೆ ನಮ್ಮ ಪೇಂಟರುಗಳ ಕೈವಾಡ ಬೇರೆ. ಬಣ್ಣ ಹೊಡೆಯಲು ಅಡ್ಡಿಯಾಯಿತೆಂದು ಬಿಲ್ಲೆ ಕಿತ್ತೆಸೆಯುವುದು, ಆಮೇಲೆ ಗಿರಾಕಿ ಕೇಳಿದ ಹೆಸರನ್ನು ಚೆಂದದ ಅಕ್ಷರದಲ್ಲಿ ಬರೆದುಕೊಡುವುದು, ಇವೆರಡೂ ನಾನು ಕಣ್ಣಾರೆ ಕಂಡ ಕೆಲಸಗಳು.

ನನ್ನ ಸೈಕಲ್ ಮೂಲತಃ ನನ್ನ ಸೋದರಮಾವನದು. ಅವರು ಓದಲೆಂದು ಇಂಗ್ಲೆಂಡಿಗೆ ಹೋಗಿದ್ದವರು, 1975ರಲ್ಲಿ ಮರಳುವಾಗ ಪುಸ್ತಕದ ಟ್ರಂಕುಗಳ ಜೊತೆಗೆ ಅದನ್ನೂ ಹಡಗಿಗೆ ಹಾಕಿಸಿದ್ದರು. ನನ್ನ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಮೂರು ಪದರ ಬಣ್ಣ ಕೂತಿತ್ತು. ಕೊನೆಯದು ಮನೆಯ ಗೇಟಿಗೆ ಹಚ್ಚಿ ಉಳಿದ ಹಸಿರು. ಬಿಲ್ಲೆಯಿದ್ದ ಜಾಗದಲ್ಲಿ ರಿವೆಟ್ಟಿನ ಎರಡು ತೂತುಗಳು ಮಾತ್ರ. ಮಾವ ಕೊನೆಯವರೆಗೂ "ಇದು ಐನೂರ ಮೂವತ್ತೊಂದರ ಕೊಳವೆ" ಎಂದೇ ಹೇಳುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ಹೊರತಂದ 531 ಎಂಬುದು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು. ಅದರ ಒಳ್ಳೆಯ ಕೊಳವೆಗಳನ್ನು ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಎಳೆದಿರುತ್ತಾರೆ. ಅದರ ಹೆಸರು ಹೇಳಿದರೆ ಇಂದಿಗೂ ಹಳೆಯ ಸೈಕಲ್ಲಿನವರ ಕಿವಿ ನೆಟ್ಟಗಾಗುತ್ತದೆ.

ಆಗ ನಾನಿನ್ನೂ ನೌಕರಿಯಲ್ಲಿದ್ದೆ. ಪೆಡಲ್ ತುಳಿದಾಗ ಕಟಕಟ ಸದ್ದು ಬರುತ್ತಿದ್ದುದರಿಂದ ನಗರದ ಒಂದು ಸೈಕಲ್ ಅಂಗಡಿಯಲ್ಲಿ ಬಿಟ್ಟು, "ಬಿಬಿ ಕಪ್ ಬದಲಿಸಿ" ಎಂದಷ್ಟೇ ಹೇಳಿ ಬಂದೆ. ಪೆಡಲಿನ ಅಚ್ಚು ಹಾಯುವ ಅಡ್ಡ ಕೊಳವೆಗೆ ನಮ್ಮಲ್ಲಿ ಬಿಬಿ ಶೆಲ್ ಎನ್ನುತ್ತಾರೆ. ಅದರ ಎರಡೂ ಬಾಯಿಗಳಲ್ಲಿ ಒಳಗಡೆ ಥ್ರೆಡ್ ಇದ್ದು, ಬೇರಿಂಗ್ ಗುಂಡು ಕೂರುವ ಕಪ್ಪುಗಳನ್ನು ಅದಕ್ಕೆ ತಿರುಗಿಸಿ ಕೂರಿಸುತ್ತಾರೆ. ಸಂಜೆ ಹೋಗಿ ನೋಡಿದರೆ ಅಂಗಡಿಯ ಹುಡುಗ ಪಾನಾದ ಹಿಡಿಗೆ ಎರಡಡಿಯ ನೀರಿನ ಪೈಪು ಸಿಕ್ಕಿಸಿಕೊಂಡು, ಒಂದು ಕಾಲನ್ನು ಫ್ರೇಮ್ ಮೇಲಿಟ್ಟು, ಎಡಬದಿಯ ಕಪ್ಪನ್ನು ತಿರುಗಿಸುತ್ತಿದ್ದ. ಕಪ್ಪಿನ ಅಂಚಿನಲ್ಲಿ ಉಕ್ಕಿನ ಎಳೆ ಸುರುಳಿಯಾಗಿ ಹೊರಗೆ ಬರುತ್ತಿತ್ತು. ಲೇತ್ ಮುಂದೆ ನಿಂತವನಿಗೆ ಅಂಥ ಸುರುಳಿ ದಿನನಿತ್ಯದ ನೋಟವಾದರೂ ಅಂದು ಹೊಟ್ಟೆಯಲ್ಲಿ ಸಂಕಟವಾಯಿತು. "ಮೊದಲ ಮೂರು ಸುತ್ತು ಕೈಯಿಂದಲೇ ಹೋಯಿತು ಸರ್, ಆಮೇಲೆ ಬಿಗಿಯಾಯಿತು" ಎಂದ ಹುಡುಗ. ಅವನು ಹೇಳಿದ್ದು ಅಕ್ಷರಶಃ ನಿಜ, ಮತ್ತು ಇಡೀ ರೋಗದ ಮೂಲ ಆ ಮಾತಿನಲ್ಲೇ ಇತ್ತು.

ನಮ್ಮ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಇಂಗ್ಲಿಷ್ ಅಳತೆಯ ಕಪ್ಪಿನ ವ್ಯಾಸ 1.37 ಇಂಚು, ಇಂಚಿಗೆ 24 ಥ್ರೆಡ್. ನಾಟಿಂಗ್‌ಹ್ಯಾಮಿನ ರಾಲಿ ಕಾರ್ಖಾನೆಯಾದರೋ ತನ್ನ ಬಹುಪಾಲು ಸೈಕಲ್‌ಗಳಿಗೆ ದಶಕಗಳ ಕಾಲ ತನ್ನದೇ ಅಳತೆಯನ್ನು ಇಟ್ಟುಕೊಂಡಿತ್ತು: ವ್ಯಾಸ ಒಂದೂ ಮೂರೆಂಟಾಂಶ ಇಂಚು, ಅಂದರೆ 1.375, ಮತ್ತು ಇಂಚಿಗೆ 26 ಥ್ರೆಡ್. ವ್ಯಾಸದಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು, ಹಾಗಾಗಿ ಕಪ್ಪು ಬಾಯಿಗೆ ಸಲೀಸಾಗಿ ಕೂರುತ್ತದೆ. ಥ್ರೆಡ್ಡಿನ ಅಂತರ ಬೇರೆಯಾದ್ದರಿಂದ ಮೂರು ಸುತ್ತಿಗೆ ಹಲ್ಲು ಹಲ್ಲಿನ ಮೇಲೆ ಹತ್ತುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಮೇಜಿನ ಡ್ರಾಯರಿನಲ್ಲಿ ಥ್ರೆಡ್ ಗೇಜು ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳುವ ನಾನೇ ಅಳತೆ ನೋಡದೆ ಸೈಕಲ್ ಬಿಟ್ಟು ಬಂದಿದ್ದೆ.

ಆಮೇಲೆ ನೋಡಿದ್ದನ್ನೆಲ್ಲ ಮೊದಲೇ ನೋಡಬಹುದಿತ್ತು. ಶೆಲ್ಲಿನ ಅಗಲ ವರ್ನಿಯರಿನಲ್ಲಿ 71 ಮಿ.ಮೀ. ಬಂತು. ಮಾಮೂಲಿ ಇಂಗ್ಲಿಷ್ ಶೆಲ್ 68, ಇಟಲಿಯದು 70, ಫ್ರಾನ್ಸಿನದು ಮತ್ತೆ 68. 71 ಅಥವಾ 76 ಕಂಡರೆ ನಾಟಿಂಗ್‌ಹ್ಯಾಮನ್ನು ನೆನೆಯಬೇಕು. ಅಗಲ ಒಂದೇ ಆದ ಇಂಗ್ಲಿಷ್ ಮತ್ತು ಫ್ರೆಂಚ್ ಶೆಲ್‌ಗಳನ್ನು ಬೇರೆ ಮಾಡುವುದು ಥ್ರೆಡ್ಡಿನ ದಿಕ್ಕು. ಇಂಗ್ಲಿಷ್ ಅಳತೆಯಲ್ಲಿ ಚೈನಿನ ಬದಿಯ ಕಪ್ಪು ಉಲ್ಟಾ ಥ್ರೆಡ್ಡಿನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, 35 ಮಿ.ಮೀ.ನ ಫ್ರೆಂಚ್ ಮತ್ತು 36 ಮಿ.ಮೀ.ನ ಇಟಾಲಿಯನ್ ಅಳತೆಗಳಲ್ಲಿ ಎರಡೂ ಬದಿ ಸಾದಾ ಥ್ರೆಡ್. ಇದು ಗೊತ್ತಿಲ್ಲದೆ ಬಿಚ್ಚಲು ಹೊರಟವನು ಬಿಚ್ಚುತ್ತಿದ್ದೇನೆಂದುಕೊಂಡು ಇನ್ನಷ್ಟು ಬಿಗಿಯುತ್ತಾನೆ.

ಪೇಂಟ್ ರಿಮೂವರ್ ಹಚ್ಚಿ ಬಟ್ಟೆಯಿಂದ ನಿಧಾನವಾಗಿ ಒರೆಸಿದಾಗ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಂಚಿನ ಬಣ್ಣ, ಅದರಡಿಯಲ್ಲಿ ಗುದ್ದಿದ ಸಂಖ್ಯೆ ಕಂಡಿತು. 1970ರ ದಶಕದ ನಡುಭಾಗದ ರಾಲಿ ಸಂಖ್ಯೆಗಳು ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಮೊದಲನೆಯದು 'ಎನ್' ಆದರೆ ನಾಟಿಂಗ್‌ಹ್ಯಾಮ್, 'ಡಬ್ಲ್ಯೂ' ಆದರೆ ವರ್ಕ್‌ಸಾಪ್, ಅಂದರೆ ರಾಲಿ 1960ರಲ್ಲಿ ಕೊಂಡ ಕಾರ್ಲ್‌ಟನ್ ಕಾರ್ಖಾನೆ. ಅಕ್ಷರಗಳಾದ ಮೇಲಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ನನ್ನದರಲ್ಲಿ 'ಎನ್' ಇತ್ತು, ಅಂಕಿ 4. ಎಂದರೆ 1974, ಮಾವ ಮರಳಿ ಬರುವ ಹಿಂದಿನ ವರ್ಷ. ದಯವಿಟ್ಟು ಯಾರೂ ಈ ಕೆಲಸಕ್ಕೆ ಉಪ್ಪುಕಾಗದ ಹಿಡಿಯಬಾರದು, ಗ್ರೈಂಡರನ್ನಂತೂ ಮುಟ್ಟಲೇಬಾರದು. ಹಗುರವಾಗಿ ಗುದ್ದಿದ ಸಂಖ್ಯೆ ಒಂದೇ ಉಜ್ಜಿಗೆ ಅಳಿಸಿಹೋಗುತ್ತದೆ.

ಮಾವನ ಐನೂರ ಮೂವತ್ತೊಂದು ಮಾತ್ರ ಉಳಿಯಲಿಲ್ಲ. ಸೀಟಿನ ಕಂಬವನ್ನು ಹೊರಗೆಳೆದು ಅಳೆದರೆ ಸರಿಯಾಗಿ 25.4 ಮಿ.ಮೀ., ಒಂದು ಇಂಚು. ಇಂಗ್ಲಿಷ್ ಫ್ರೇಮಿನಲ್ಲಿ ಸೀಟಿನ ಕೊಳವೆಯ ಹೊರವ್ಯಾಸ 28.6, ಅದರಲ್ಲಿ ಕಂಬದ ವ್ಯಾಸ ಕಳೆದು ಅರ್ಧ ಮಾಡಿದರೆ ಕೊಳವೆಯ ದಪ್ಪ ಸಿಗುತ್ತದೆ. ನನ್ನ ಲೆಕ್ಕಕ್ಕೆ 1.6 ಮಿ.ಮೀ. ಬಂತು, ಎಂದರೆ ಗಟ್ಟಿಮುಟ್ಟಾದ ಸಾದಾ ಕೊಳವೆ. ತುದಿ ದಪ್ಪ ಮಾಡಿದ 531ರ ಫ್ರೇಮಿಗೆ ಸಾಮಾನ್ಯವಾಗಿ 27.2ರ ಕಂಬ ಇಳಿಯುತ್ತದೆ. ಸೀಟಿನ ಕಂಬ ಹೇಳುವುದೇ ಕೊನೆಯ ಮಾತಲ್ಲ, ಒಳಗೆ ಇನ್ನೊಂದು ತೆಳು ಕೊಳವೆ ಹಾಕಿ ಕಿರಿದು ಮಾಡಿದವರೂ ಇರುತ್ತಾರೆ. ಆದರೂ ಸ್ಟಿಕ್ಕರಿಗಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ. ಮಾವ ಬದುಕಿದ್ದರೆ ನನ್ನ ವರ್ನಿಯರನ್ನೇ ತಪ್ಪೆನ್ನುತ್ತಿದ್ದರು.

ಅಂದಹಾಗೆ ಕಂಬ ಹೊರಬರುವುದೇ ಎಷ್ಟೋ ಸೈಕಲ್‌ಗಳಲ್ಲಿ ದೊಡ್ಡ ಕೆಲಸ. ಅಲ್ಯೂಮಿನಿಯಂ ಕಂಬ ಸ್ಟೀಲ್ ಕೊಳವೆಯೊಳಗೆ ವರ್ಷಗಟ್ಟಲೆ ಗ್ರೀಸಿಲ್ಲದೆ ಕೂತರೆ ಎರಡೂ ಲೋಹಗಳ ನಡುವೆ ಉಪ್ಪಿನಂಥ ಬಿಳಿ ಪುಡಿ ಬೆಳೆದು ಬಿರಡೆ ಹಾಕಿದಂತಾಗುತ್ತದೆ. ಕರಾವಳಿಯ ಕಡೆಯಿಂದ ಬಂದ ಸೈಕಲ್‌ಗಳಲ್ಲಿ ಇದು ಹೆಚ್ಚು. ದಿನಕ್ಕೆರಡು ಬಾರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ವಾರ ಕಾಯುವುದೇ ಮದ್ದು.

ಕೆಟ್ಟ ಥ್ರೆಡ್ಡಿಗೆ ಏನು ಮಾಡಿದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಇಂಥ ಫ್ರೇಮನ್ನು "ಮುಗಿಯಿತು" ಎಂದು ಗುಜರಿಗೆ ಹಾಕುವವರು ಬಹಳ. ಇಟಾಲಿಯನ್ ಅಳತೆಯ 36 ಮಿ.ಮೀ., 24 ಥ್ರೆಡ್ಡಿನ ಹಲ್ಲಿನ ತುದಿ ನಿಲ್ಲುವುದು ಹೆಚ್ಚುಕಡಿಮೆ ಹಳೆಯ ರಾಲಿ ಥ್ರೆಡ್ಡಿನ ಬುಡ ಇರುವಲ್ಲಿಯೇ. ಆದ್ದರಿಂದ ಇಟಾಲಿಯನ್ ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಉಪಕರಣ, ಹಾಯಿಸಿದರೆ ಕೆಟ್ಟದ್ದೆಲ್ಲ ಕೊಚ್ಚಿಹೋಗಿ ಹೊಸ ಥ್ರೆಡ್ ಏಳುತ್ತದೆ; ಶೆಲ್ಲಿನ ಅಂಚು ಕೆತ್ತಿ ಅಗಲವನ್ನು 71ರಿಂದ 70ಕ್ಕೆ ತರಲು ಒಂದೇ ಮಿಲಿಮೀಟರ್ ತೆಗೆದರೆ ಸಾಕು. ಪುಣೆಯ ಪರಿಚಿತರೊಬ್ಬರಲ್ಲಿ ಟ್ಯಾಪಿನ ಜೋಡಿ ಸಿಕ್ಕಿತು. ಎಣ್ಣೆ ಸುರಿಯುತ್ತ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಈಗ ಚೈನಿನ ಬದಿಯ ಕಪ್ಪೂ ಸಾದಾ ಥ್ರೆಡ್ಡಿನದಾದ್ದರಿಂದ ತುಳಿಯುತ್ತ ಹೋದಂತೆ ಸಡಿಲವಾಗುವ ಗುಣ ಅದಕ್ಕೆ ಬಂದಿದೆ, ಹಾಗಾಗಿ ಚೆನ್ನಾಗಿ ಬಿಗಿಯಬೇಕು. ಟ್ಯಾಪ್ ಸಿಗದವರಿಗೆ ಥ್ರೆಡ್ಡಿನ ಹಂಗಿಲ್ಲದೆ ಎರಡೂ ಬದಿಯಿಂದ ಬಿಗಿದುಕೊಳ್ಳುವ ಕಾರ್ಟ್ರಿಜ್ ಬೇರಿಂಗುಗಳೂ ಇವೆ.

ಫ್ರೇಮಿನ ಗುರುತು ಬೇರೆ, ಅದರ ಮೇಲೆ ಕೂತ ಬಿಡಿಭಾಗಗಳ ಗುರುತು ಬೇರೆ. ಸೈಕ್ಲಿಂಗ್ ಸ್ಪರ್ಧೆಗೆ ಹೆಸರಾದ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಹಳೆಯ ರೇಸ್ ಫ್ರೇಮ್‌ಗಳು ಅಟ್ಟದ ಮೇಲೆ ಇನ್ನೂ ಸಿಗುತ್ತವೆ. ಜಮಖಂಡಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥದೊಂದನ್ನು ತಂದು, ಹಿಂದಿನ ಗೇರ್ ಬದಲಿಸುವ ಭಾಗದ ಮೇಲೆ 'ಪೇಟೆಂಟ್-78' ಎಂದು ಕೆತ್ತಿದ್ದನ್ನು ತೋರಿಸಿ, ಸೈಕಲ್ 1978ರದೆಂದು ಹಿಗ್ಗಿದ. ಇಟಲಿಯ ಕ್ಯಾಂಪಗ್ನೋಲೋ ಕಂಪನಿ ತನ್ನ ನ್ಯೂವೋ ರೆಕಾರ್ಡ್ ಭಾಗದ ಮೇಲೆ ಹೀಗೆ ವರ್ಷ ಹಾಕುತ್ತಿದ್ದುದು ನಿಜ. ಆದರೆ ಅದೇ ಸೈಕಲ್ಲಿನ ಬ್ರೇಕು ಜಪಾನಿನ ಶಿಮಾನೋ ಕಂಪನಿಯದು, ಅದರ ಬೆನ್ನಿಗೆ 'ಕೆಸಿ' ಎಂಬ ಎರಡು ಅಕ್ಷರ. ಶಿಮಾನೋ ಲೆಕ್ಕದಲ್ಲಿ ಮೊದಲ ಅಕ್ಷರ ವರ್ಷ, 'ಎ' ಎಂದರೆ 1976; ಎರಡನೆಯದು ತಿಂಗಳು. ಹಾಗೆ ಎಣಿಸಿದರೆ ಅದು 1986ರ ಮಾರ್ಚ್. ಒಂದೇ ಸೈಕಲ್ಲಿನ ಮೇಲೆ ಎಂಟು ವರ್ಷದ ಅಂತರ! ಎಲ್ಲ ಭಾಗಗಳೂ ಒಂದೇ ಕಾಲವನ್ನು ಹೇಳಿದರೆ ಮಾತ್ರ ಅದನ್ನು ಫ್ರೇಮಿನ ಕಾಲವೆಂದು ಊಹಿಸಬಹುದು, ಇಲ್ಲವಾದರೆ ಯಾರೋ ನಡುವೆ ಕೈ ಹಾಕಿದ್ದಾರೆ. ಅವನ ಶೆಲ್ 70 ಮಿ.ಮೀ. ಬಂತು, ಇಟಾಲಿಯನ್ ಅಳತೆಯ ಫ್ರೇಮ್ ಎನ್ನಲು ಅದು ಸಾಕಾಯಿತು, ಯಾರು ಕಟ್ಟಿದ್ದೆಂದು ಹೇಳಲು ಸಾಲಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯಾಯಿತೆಂದು ಕಾಣುತ್ತದೆ.

ಇನ್ನು ಸುಧಾರಣೆಯ ವಿಷಯ. ತಮ್ಮ ಬರಹದಲ್ಲಿ ಮೊದಲು ಗೇರ್ ಬದಲಿಸಿದವರ ಚಿತ್ರಗಳೇ ಇದ್ದವು. ನನ್ನ ಅನುಭವದಲ್ಲಿ ಮೊದಲ ದುಡ್ಡು ಬ್ರೇಕಿಗೆ ಹೋಗಬೇಕು. ಆ ಕಾಲದ ಕಡಿಮೆ ಬೆಲೆಯ ರೇಸ್ ಸೈಕಲ್‌ಗಳಲ್ಲಿ ಕ್ರೋಮ್ ಹಾಕಿದ ಸ್ಟೀಲ್ ರಿಮ್ಮುಗಳಿರುತ್ತಿದ್ದವು. ಒಣಗಿದ್ದಾಗ ಪರವಾಗಿಲ್ಲ, ನೆನೆದರೆ ಬ್ರೇಕಿನ ರಬ್ಬರು ಅವುಗಳ ಮೇಲೆ ಬೆಣ್ಣೆಯಂತೆ ಜಾರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಳಿಜಾರಿಗೆ ಬಂದಾಗ ಎರಡೂ ಹಿಡಿಗಳನ್ನು ಹಿಂಡಿ, ಬ್ರೇಕು ಹಿಡಿಯುವುದರೊಳಗೆ ವೃತ್ತವನ್ನೇ ದಾಟಿ ಆಚೆ ಹೋಗಿ ನಿಂತವನು ನಾನು. ಅಲ್ಯೂಮಿನಿಯಂ ರಿಮ್, ಹೊಸ ರಬ್ಬರು, ಹೊಸ ಕೇಬಲ್ ಈ ಮೂರನ್ನು ಹಾಕಿಸಿದರೆ ವೈನ್‌ಮನ್ ಕಂಪನಿಯ ಹಳೆಯ ಬ್ರೇಕೇ ಬೇರೆಯಾಗಿ ಕಾಣುತ್ತದೆ. ಪೆಡಲಿನ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಬಿಚ್ಚುವ ಪದ್ಧತಿಯನ್ನೂ ಬಿಡಬೇಕು. ಏಟು ನೇರವಾಗಿ ಬೇರಿಂಗ್ ಗುಂಡಿಗೆ ಬಿದ್ದು ಕಪ್ಪಿನಲ್ಲಿ ಗುಳಿ ಮಾಡುತ್ತದೆ. ಬೆಂಚ್ ವೈಸಿನಲ್ಲಿ ಒತ್ತಿ ತೆಗೆದರೆ ಸದ್ದಿಲ್ಲದೆ ಬರುತ್ತದೆ.

ಗೇರ್ ಬೇಕೇ ಬೇಕೆನ್ನುವವರು ಹಿಂದಿನ ಗಾಲಿಯ ಅಚ್ಚು ಕೂರುವ ಎರಡು ಕಚ್ಚುಗಳ ನಡುವಿನ ಅಂತರವನ್ನು ಮೊದಲು ಅಳೆಯಲಿ. ಐದು ಹಲ್ಲುಚಕ್ರದ ಕಾಲದಲ್ಲಿ ಅದು 120 ಮಿ.ಮೀ., ಆರು ಮತ್ತು ಏಳರ ಕಾಲದಲ್ಲಿ 126, ಎಂಟು ಮತ್ತು ಅದಕ್ಕೂ ಮೇಲಿನ ರಿಮ್ ಬ್ರೇಕಿನ ರೇಸ್ ಸೈಕಲ್‌ಗಳಲ್ಲಿ 130. ಸ್ಟೀಲಿನ ದೊಡ್ಡ ಗುಣವೆಂದರೆ ಅದನ್ನು ತಣ್ಣಗಿರುವಾಗಲೇ ಬಗ್ಗಿಸಿ ಹೊಸ ಅಂತರಕ್ಕೆ ಒಗ್ಗಿಸಬಹುದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮ್‌ಗಳಿಗೆ ಈ ಉಪಾಯ ನಡೆಯುವುದಿಲ್ಲ. ನಾನು ನನ್ನದನ್ನು 120ರಿಂದ 126ಕ್ಕೆ ತಂದೆ, ಒಂದೊಂದು ಬದಿಗೆ 3 ಮಿ.ಮೀ. ಬದಿಗಳೆರಡೂ ಸಮನಾಗಿ ಬಗ್ಗಿವೆಯೇ ಎಂದು ತಿಳಿಯಲು ಮನೆಯಲ್ಲಿರುವ ದಾರ ಸಾಕು: ಒಂದು ಕಚ್ಚಿಗೆ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ಕಚ್ಚಿಗೆ ಬಿಗಿದು, ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಎಷ್ಟು ದೂರವಿದೆ ಎಂದು ಅಳೆದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಬಗ್ಗಿಸಿದ ಮೇಲೆ ಕಚ್ಚುಗಳು ಒಂದಕ್ಕೊಂದು ಸಮಾನಾಂತರವಾಗಿರುವಂತೆ ತಿದ್ದುವುದನ್ನೂ ಮರೆಯಬಾರದು, ಇಲ್ಲವಾದರೆ ಅಚ್ಚು ಮುರಿಯುತ್ತದೆ. 120ರ ಫ್ರೇಮನ್ನು 130ಕ್ಕೆ ಎಳೆದು ಹನ್ನೊಂದು ಗೇರ್ ತೂರಿಸುವುದು ನನಗೆ ಒಪ್ಪಿಗೆಯಿಲ್ಲ. ಬ್ರೇಕು ಕೂರುವ ಅಡ್ಡಪಟ್ಟಿಯ ಬೆಸುಗೆಗೆ ಅದು ಭಾರ, ಸವಾರನಿಗಾಗುವ ಲಾಭವೂ ಅಷ್ಟಕ್ಕಷ್ಟೆ. 14ರಿಂದ 28 ಹಲ್ಲುಗಳವರೆಗಿನ ಆರು ಹಲ್ಲುಚಕ್ರದ ಫ್ರೀವೀಲಿನಲ್ಲಿ ನಾನು ಕೆಲಗೇರಿಯ ಏರನ್ನು ಈ ವಯಸ್ಸಿನಲ್ಲೂ ಇಳಿಯದೆ ಹತ್ತುತ್ತೇನೆ. ಗೇರ್ ಹಿಡಿಗಳು ಹಳೆಯ ಮಾದರಿಯವಾದ್ದರಿಂದ, ಅಂದರೆ 1980ರ ದಶಕದ ನಡುವೆ ಶಿಮಾನೋ ಜನಪ್ರಿಯಗೊಳಿಸಿದ ಟಕ್ ಟಕ್ ಎಂದು ನಿಲ್ಲುವ ಮಾದರಿಗಿಂತ ಹಿಂದಿನವಾದ್ದರಿಂದ, ಐದು ಹೋಗಿ ಆರಾದರೂ ಅವುಗಳಿಗೆ ಏನೂ ಅನ್ನಿಸಲಿಲ್ಲ.

ಕೊನೆಗೆ ಆ ಎರಡನೆಯ ಮಾತು. ರಿಮ್ಮಿನಲ್ಲಿ ಟಯರಿನ ಅಂಚು ಕೂರುವ ಜಾಗದ ವ್ಯಾಸವೇ ನಿಜವಾದ ಅಳತೆ, ಇಂಚಿನ ಲೆಕ್ಕ ಬರಿಯ ವಾಡಿಕೆಯ ಹೆಸರು. ಹಾಲು ಹಾಕುವವರ ಭಾರದ ಸೈಕಲ್ಲಿನಲ್ಲಿರುವ 28 ಇಂಟು ಒಂದೂವರೆ ಇಂಚಿನ ಗಾಲಿಯದು 635 ಮಿ.ಮೀ. ನನ್ನ ರಾಲಿಯಲ್ಲಿದ್ದ 27 ಇಂಟು ಒಂದೂಕಾಲು ಇಂಚಿನದು 630. ಇಂದಿನ 700ಸಿಯದು 622. ಹಳೆಯ ಫ್ರೆಂಚ್ ಲೆಕ್ಕದಲ್ಲಿ ನಮ್ಮ ಭಾರದ ಸೈಕಲ್ಲಿನ ಗಾಲಿಗೆ 700ಬಿ ಎಂದು ಹೆಸರು. ಗೊಂದಲದ ಬೇರು ಅಲ್ಲಿಯೇ ಇರಬಹುದು. 700ಸಿ ಟಯರನ್ನು 27 ಇಂಚಿನ ರಿಮ್ಮಿಗೆ ಎಳೆದು ಹಾಕಲು ಹೋದರೆ ಟಯರಿನ ಅಂಚಿನ ತಂತಿ ಹರಿಯುತ್ತದೆ, ಇಲ್ಲವೇ ಬೆರಳು ಸುಲಿಯುತ್ತದೆ. ಅದಲು ಬದಲಾಗಿ 635ರ ಟಯರನ್ನು 622ರ ರಿಮ್ಮಿಗೆ ಹಾಕಿದರೆ ಅದು ಸುಲಭವಾಗಿ ಕೂತಂತೆ ಕಂಡು, ಗಾಳಿ ತುಂಬಿದಾಗ ಅಂಚು ಹಾರಿ ಟ್ಯೂಬ್ ಸಿಡಿಯುತ್ತದೆ. ಓಡುವಾಗ ಮುಂದಿನ ಗಾಲಿಯಲ್ಲಿ ಹಾಗಾದರೆ ಸವಾರನ ಗತಿ ಏನೆಂದು ಬೇರೆ ಹೇಳಬೇಕಿಲ್ಲ. 27 ಇಂಚಿನ ಟಯರು ನಮ್ಮ ಕಡೆ ಸಿಗುವುದು ಕಷ್ಟವಾದ್ದರಿಂದ 700ಸಿ ರಿಮ್ಮಿಗೆ ಬದಲಾಯಿಸುವುದೇ ಒಳ್ಳೆಯದು, ನಾನೂ ಹಾಗೆಯೇ ಮಾಡಿದ್ದೇನೆ. ಆಗ ರಿಮ್ಮಿನ ಅಂಚು 4 ಮಿ.ಮೀ. ಒಳಕ್ಕೆ ಸರಿಯುವುದರಿಂದ ಬ್ರೇಕಿನ ರಬ್ಬರು ಅದರ ಸೀಳಿನಲ್ಲಿ ಅಷ್ಟು ಕೆಳಗೆ ಇಳಿಯುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಟಯರಿನ ಪಕ್ಕದಲ್ಲಿ 32-630, 28-622 ಎಂಬಂತೆ ಅಚ್ಚಾಗಿರುವ ಜೋಡಿಯಲ್ಲಿ ಎರಡನೆಯ ಸಂಖ್ಯೆಯೇ ನಾನು ಹೇಳುತ್ತಿರುವ ವ್ಯಾಸ. ಬರಹ ಓದಿ ಈಗಾಗಲೇ 28 ಇಂಚಿನ ಟಯರು ತಂದಿಟ್ಟುಕೊಂಡ ಓದುಗರು ಇರಬಹುದಾದ್ದರಿಂದ, ಮುಂದಿನ ಭಾನುವಾರದವರೆಗೆ ಕಾಯದೆ ಈ ಒಂದು ತಿದ್ದುಪಡಿಯನ್ನಾದರೂ ನಾಳೆ ನಾಡಿದ್ದರಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಪತ್ರ ಉದ್ದವಾಯಿತೆಂದು ಕತ್ತರಿಸುವುದಾದರೆ ಮಾವನ ಕಥೆಯನ್ನು ಬಿಡಬಹುದು, ಅಂಕಿಗಳನ್ನು ಬಿಡಬೇಡಿ.

ಇಂತಿ ತಮ್ಮ ಓದುಗ,
ನಿವೃತ್ತ ಐಟಿಐ ಬೋಧಕ, ಧಾರವಾಡ